ಐಜಿಎಂ ಇದ್ದ ಮಾತ್ರಕ್ಕೆ ವಾಲ್ಡೆನ್‌ಸ್ಟ್ರಾಮ್ ಅಲ್ಲ
ಒಂದೇ ವರದಿ ನೋಡಿ ಒಬ್ಬ ವೈದ್ಯರು ಮೈಲೋಮಾ (ಪ್ಲಾಸ್ಮಾ ಕೋಶಗಳೆಂಬ ಬಿಳಿ ರಕ್ತಕಣಗಳ ಕ್ಯಾನ್ಸರ್), ಇನ್ನೊಬ್ಬರು ವಾಲ್ಡೆನ್‌ಸ್ಟ್ರಾಮ್ (ಐಜಿಎಂ ಎಂಬ ಪ್ರತಿಕಾಯವನ್ನು ತಯಾರಿಸುವ ಇನ್ನೊಂದು ರಕ್ತದ ಕ್ಯಾನ್ಸರ್) ಎಂದಿದ್ದಾರೆ, ಏಕೆ ಎಂದು ಕೇಳಿದ್ದೀರಿ. ಮೂಳೆಮಜ್ಜೆಯಲ್ಲಿ ಲಿಂಫೋಸೈಟಿನಂಥ (ಒಂದು ಬಗೆಯ ಬಿಳಿ ರಕ್ತಕಣ) ಸಣ್ಣ ಕೋಶಗಳು, ಅವುಗಳ ಮೇಲ್ಮೈ ಪ್ರೋಟೀನಾದ ಸಿಡಿ20 ಪಾಸಿಟಿವ್, ರಕ್ತದಲ್ಲಿ ಐಜಿಎಂ: ವಾಲ್ಡೆನ್‌ಸ್ಟ್ರಾಮ್‌ನಂತೆ ತೋರುವ ಈ ಲಕ್ಷಣಗಳಿದ್ದೂ ಅಭಿಪ್ರಾಯ ಬೇರೆಯಾಗಿರುವುದಕ್ಕೆ ಬಹುಶಃ 11 ಮತ್ತು 14ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುವುದೇ ಕಾರಣ, ಈ ಬದಲಾವಣೆಯುಳ್ಳ ಮೈಲೋಮಾ ಕೋಶಗಳು ಹಲವೊಮ್ಮೆ ವಾಲ್ಡೆನ್‌ಸ್ಟ್ರಾಮ್ ಕೋಶಗಳಂತೆಯೇ ಕಾಣುತ್ತವೆ. ಮೊದಲು, ಬೇರ್ಪಡಿಸಿದ ಪ್ಲಾಸ್ಮಾ ಕೋಶಗಳ ಮೇಲೆ ಫಿಶ್ ಪರೀಕ್ಷೆ (ಕ್ರೋಮೋಸೋಮುಗಳ ಈ ಅದಲುಬದಲನ್ನು ತೋರಿಸುವ ಪರೀಕ್ಷೆ) ನಡೆದಿದೆಯೇ ಎಂದು ವಿಚಾರಿಸಿ. ಮಜ್ಜೆಯ ಮಾದರಿಯಲ್ಲಿ ಸೈಕ್ಲಿನ್ ಡಿ1 ಎಂಬ ಪ್ರೋಟೀನು ಬಣ್ಣ ಹಿಡಿದಿದ್ದರೆ ಅದು ಪೂರಕ ಸುಳಿವಷ್ಟೆ, ಏಕೆಂದರೆ ಈ ಅದಲುಬದಲು ಇಲ್ಲದ ಕೆಲವು ಮೈಲೋಮಾಗಳಲ್ಲಿಯೂ ಅದು ಕಾಣುತ್ತದೆ. ಬಳಿಕ ಎಂವೈಡಿ88 ಜೀನಿನ ಎಲ್265ಪಿ ರೂಪಾಂತರವನ್ನು ಪರೀಕ್ಷಿಸಲು ಹೇಳಿ: ವಾಲ್ಡೆನ್‌ಸ್ಟ್ರಾಮ್‌ನ ಶೇ. 90ರಷ್ಟು ರೋಗಿಗಳಲ್ಲಿ ಅದಿರುತ್ತದೆ, ಮೈಲೋಮಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸ್ಕ್ಯಾನಿನಲ್ಲಿ ಮೂಳೆ ಕೊರೆದ ಗುರುತುಗಳಿದ್ದರೆ ತಕ್ಕಡಿ ಮೈಲೋಮಾದತ್ತಲೇ ವಾಲುತ್ತದೆ. ಎರಡರ ಚಿಕಿತ್ಸೆಯೂ ಬೇರೆಯಾದ್ದರಿಂದ, ಔಷಧಿ ನಿರ್ಧರಿಸುವ ಮುನ್ನ ಈ ಫಲಿತಾಂಶಗಳನ್ನು ನಿಮ್ಮ ರಕ್ತರೋಗ ತಜ್ಞರ ಮುಂದಿಡಿ.