17ಕ್ಕೆ ನಿಂತ ಮೈಲೇಜು ಮತ್ತು ಒಂದು ಗಡಿಗೆ ಮೊಸರು

ಅಕ್ಕಾರೆ, ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಇದನ್ನೇ ಸಿಕ್ಕವರನ್ನೆಲ್ಲ ಕೇಳಿಕೊಂಡು ಓಡಾಡುತ್ತಿದ್ದೆ. ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ತಗೊಂಡಿದ್ದೀರಿ, ಅಂದ್ರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರೂ ಇರೋ ಕಾರು, ಕಾಗದದಲ್ಲಿ ಲೀಟರ್‌ಗೆ 27.97 ಕಿಲೋಮೀಟರ್ ಅಂತಿದೆ, ಹುಬ್ಬಳ್ಳಿ ಕೇಶ್ವಾಪುರದ ಮನೆಯಿಂದ ಮಕ್ಕಳ ಶಾಲೆ, ಮಾರ್ಕೆಟ್, ಮತ್ತೆ ಮನೆ, ಇಷ್ಟರಲ್ಲಿ 17 ದಾಟುತ್ತಿಲ್ಲ, ಬ್ರೇಕ್ ಜಾಸ್ತಿ ಹಾಕಿದರೆ ಬ್ಯಾಟರಿ ಜಾಸ್ತಿ ಚಾರ್ಜ್ ಆಗುತ್ತೆ ಅಂತ ನಿಮ್ಮ ಭಾವ ಹೇಳಿದ್ದಾರೆ, ಅದು ಸರಿಯಾ ಅಂತ ಕೇಳಿದ್ದೀರಿ.

ಸರಿಯಲ್ಲ. ಭಾವನವರಿಗೆ ಬೇಜಾರಾಗದಿರಲಿ, ಅರ್ಧ ಊರು ಹಾಗೇ ತಿಳಿದುಕೊಂಡಿದೆ.

ನನ್ನದು ಟೊಯೋಟಾದ ಹೈರೈಡರ್. ಹೈಬ್ರಿಡ್‌ನಲ್ಲಿ ಎರಡೂ ಗಾಡಿಗೆ ಎಂಜಿನ್ ಒಂದೇ, 1.5 ಲೀಟರ್, ಮೂರು ಸಿಲಿಂಡರ್. ಬ್ಯಾಟರಿ 0.76 ಯೂನಿಟ್ ಹಿಡಿಸುತ್ತೆ, ಒಂದು ಯೂನಿಟ್ ಕರೆಂಟೂ ಅಲ್ಲ ನೋಡ್ರಿ. ಅದನ್ನು ನಾವು ಹೊರಗಿನಿಂದ ಚಾರ್ಜ್ ಮಾಡುವುದಿಲ್ಲ. ಅಂದ್ರೆ ಅದರೊಳಗಿನ ಕರೆಂಟೆಲ್ಲ ಮೂಲದಲ್ಲಿ ನೀವು ಬಂಕ್‌ನಲ್ಲಿ ದುಡ್ಡು ಕೊಟ್ಟು ಹಾಕಿಸಿದ ಪೆಟ್ರೋಲೇ. ಗಾಡಿ ಓಡುವ ವೇಗ ಬ್ರೇಕ್ ಹಾಕಿದಾಗ ಕರೆಂಟ್ ಆಗಿ ಬ್ಯಾಟರಿಗೆ ಹೋಗುತ್ತೆ, ಆಮೇಲೆ ಮೋಟರ್ ಮೂಲಕ ಮತ್ತೆ ಚಕ್ರಕ್ಕೆ ಬರುತ್ತೆ. ಕಾಳನ್ನು ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಸುರಿದಾಗಲೆಲ್ಲ ಒಂದಿಷ್ಟು ಕೆಳಗೆ ಉದುರುತ್ತಲ್ವಾ, ಇಲ್ಲೂ ಹಾಗೇ. ಬ್ರೇಕ್ ಹಾಕಲೇಬೇಕಾದಾಗ ಸಿಕ್ಕಿದ್ದು ಲಾಭ, ಚಾರ್ಜ್ ಆಗಲಿ ಅಂತ ಬೇಕೆಂದೇ ಹಾಕಿದರೆ ನಷ್ಟ. ಬ್ರೇಕ್ ಹಾಕುವ ಪ್ರಸಂಗವೇ ಬರದ ಹಾಗೆ ಗಾಡಿ ತೇಲಿಸಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ನಿಮ್ಮ 17ರ ದೊಡ್ಡ ಕಾರಣ ಮಾತ್ರ ಬೇರೆ ಅನಿಸುತ್ತೆ. ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಮೊದಲು ತನ್ನನ್ನು ತಾನೇ ಬಿಸಿ ಮಾಡಿಕೊಳ್ಳಬೇಕು, ಅಲ್ಲಿಯವರೆಗೆ ಬ್ಯಾಟರಿ ತುಂಬಿದ್ದರೂ ಅದು ಚಾಲೂ ಇರುತ್ತೆ. ಶಾಲೆ ಎರಡು ಕಿಲೋಮೀಟರ್, ಎಂಜಿನ್ ಬಿಸಿ ಆಗುವಷ್ಟರಲ್ಲಿ ಗೇಟು ಬಂತು, ಗಾಡಿ ಬಂದ್. ಎರಡು ತಾಸು ಬಿಟ್ಟು ಮಾರ್ಕೆಟ್‌ಗೆ ಹೊರಟರೆ ಮತ್ತೆ ಅದೇ ಕಥೆ. ದಿನಕ್ಕೆ ನಾಲ್ಕು ಸಲ ತಣ್ಣಗಿನ ಎಂಜಿನ್ ಎಬ್ಬಿಸಿದರೆ ಯಾವ ಹೈಬ್ರಿಡ್ಡೂ ಏನೂ ಮಾಡಲಾರದು. ಆಗುವುದಾದರೆ ಕೆಲಸಗಳನ್ನು ಒಂದೇ ಸುತ್ತಿಗೆ ಜೋಡಿಸಿ, ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಹಾಗಂತ ಮನೆ ಮುಂದೆ ನಿಲ್ಲಿಸಿ ಬಿಸಿ ಮಾಡಬೇಡಿ, ಮೆಲ್ಲಗೆ ಹೊರಟುಬಿಡಿ.

ಇನ್ನು ಕಾಲಿನ ವಿಷಯ. ಮೀಟರ್‌ನಲ್ಲಿ ಚಾರ್ಜ್, ಇಕೋ, ಪವರ್ ಅಂತ ಮೂರು ಭಾಗ ಇವೆಯಲ್ಲ, ಒಂದು ವಾರ ಅದರ ಮೇಲೆ ಒಂದು ಕಣ್ಣಿಡಿ, ರಸ್ತೆ ಬಿಟ್ಟು ಅದನ್ನೇ ನೋಡಬೇಡಿ ಮತ್ತೆ. ಎಲ್ಲರೂ ಮಾಡುವ ತಪ್ಪು ಅಂದ್ರೆ ಎಂಜಿನ್ ಚಾಲೂ ಆಗಲೇಬಾರದು ಅಂತ ಇರುವೆ ಹರಿದ ಹಾಗೆ ಹೋಗೋದು, ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತು. ಅಷ್ಟು ಹೊತ್ತು ಬ್ಯಾಟರಿ ಬರಿದಾಗುತ್ತೆ, ಆಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಅದನ್ನು ತುಂಬಿಸೋಕೆ ಎಂಜಿನ್ ಗುರ್ ಅಂತ ಏಳುತ್ತೆ. ಬರೀ ಬ್ಯಾಟರಿಯಲ್ಲಿ ಓಡಿಸೋ ಇವಿ ಬಟನ್ ಒತ್ತಿಕೊಂಡು ಹೋದರೂ ಇದೇ ಪಾಡು. ಪಾರ್ಕಿಂಗ್‌ನಲ್ಲಿ, ರಾತ್ರಿ ಓಣಿಯಲ್ಲಿ ಸದ್ದಾಗಬಾರದು ಅಂದಾಗ ಬಿಟ್ಟರೆ ನಾನು ಆ ಬಟನ್ ಮುಟ್ಟುವುದಿಲ್ಲ.

ನಾನು ಮಾಡುವುದು ಹೀಗೆ. ಹೊಸೂರು ಸರ್ಕಲ್ ದಾಟಿ ಧಾರವಾಡ ರಸ್ತೆಗೆ ಬಿದ್ದೆ ಅಂತ ಇಟ್ಟುಕೊಳ್ಳಿ. ಎಂಜಿನ್ ಬಂದರೆ ಬರಲಿ ಅಂತ ಇಕೋ ಭಾಗದ ಮೇಲ್ತುದಿಯವರೆಗೆ ಧೈರ್ಯವಾಗಿ ಒತ್ತಿ ವೇಗ 50ಕ್ಕೆ ಮುಟ್ಟಿಸುತ್ತೇನೆ. ಅಲ್ಲಿ ಕಾಲು ಪೂರ್ತಿ ಎತ್ತುತ್ತೇನೆ, ಎಂಜಿನ್ ಬಂದ್ ಆಗುತ್ತೆ. ತಕ್ಷಣ ಮತ್ತೆ ಕೂದಲೆಳೆಯಷ್ಟು ಒತ್ತುತ್ತೇನೆ. ಆಗ ಪರದೆಯ ಮೇಲೆ ಚಾರ್ಜ್ ಕಡೆಯ ಬಾಣವೂ ಇಲ್ಲ, ಮೋಟರ್ ಕಡೆಯ ಬಾಣವೂ ಇಲ್ಲ, ಗಾಡಿ ಸುಮ್ನೆ ಉರುಳುತ್ತಿರುತ್ತೆ. 40ಕ್ಕೆ ಇಳಿದಾಗ ಮತ್ತೆ ಎಳೆಯೋದು. ಮುಂದೆ ಉಣಕಲ್ ಹತ್ತಿರ ಸಿಗ್ನಲ್ ಕೆಂಪು ಕಂಡರೆ ದೂರದಿಂದಲೇ ಕಾಲು ಬಿಡಿ, ಬ್ರೇಕ್ ಬೇಕಾದರೆ ಉದ್ದಕ್ಕೆ, ಮೆತ್ತಗೆ. ಹಾಗೆ ಹಾಕಿದರೆ ಮೋಟರೇ ಗಾಡಿ ತಡೆಯುತ್ತೆ, ಒಮ್ಮೆಲೇ ಗಟ್ಟಿಯಾಗಿ ತುಳಿದರೆ ಪ್ಯಾಡ್‌ಗಳು ಹಿಡಿದು ಎಲ್ಲ ಬರೀ ಶಾಖವಾಗಿ ಹೋಗುತ್ತೆ. ಹಿಂದೆ ವಾಹನ ಒತ್ತಿಕೊಂಡು ಬರುತ್ತಿದ್ದರೆ ಈ ಆಟ ಬೇಡ, ಎಲ್ಲರ ವೇಗಕ್ಕೆ ಹೋಗಿ. ಚಿಗರಿ ಬಸ್ಸಿಗೇ ಅಂತ ಬಿಟ್ಟ ಲೇನ್ ಖಾಲಿ ಇದೆ ಅಂತ ಅಲ್ಲಿ ತೇಲಲು ಹೋಗಬೇಡಿ, ಅದನ್ನು ಮಾಡಿದವರೂ ನಮ್ಮ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳೋದಿಲ್ಲ.

ನನಗೆ ಇದು ಬುದ್ಧಿಗೆ ಹತ್ತಿದ್ದು ಮೊಸರಿನಿಂದ. ಗದಗದಿಂದ ಬರುವಾಗ ಅವ್ವ ತೊಡೆ ಮೇಲೆ ಒಂದು ಗಡಿಗೆ ಗಟ್ಟಿ ಮೊಸರು ಇಟ್ಟುಕೊಂಡು ಕೂತಿದ್ದಳು. ಬಾಯಿಗೆ ಬರೀ ಬಟ್ಟೆ ಕಟ್ಟಿತ್ತು. ಹುಲಕೋಟಿ ಹತ್ತಿರ ಒಂದು ಹಂಪ್ಸ್‌ಗೆ ಬ್ರೇಕ್ ಹಾಕಿದೆ, ಸೀರೆ ಮೇಲೆ ನಾಲ್ಕು ಹನಿ. "ಮೆಲ್ಲಕ ಹೊಡಿಯೋ, ಎತ್ತಿನ ಗಾಡಿ ಹೊಡಿಯೋರಿಗೆ ನಿನಗಿಂತ ಛಲೋ ಬರ್ತದ" ಅಂದಳು. ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಬರುವವರೆಗೆ ಆ ಗಡಿಗೆಯ ಭಯಕ್ಕೆ ಹೊಡೆದೆ. ಮನೆಗೆ ಬಂದು ನೋಡಿದರೆ ಪರದೆಯಲ್ಲಿ 25.8. ಅಲ್ಲಿಯವರೆಗೆ ಆ ರಸ್ತೆಯಲ್ಲಿ 21 ದಾಟಿರಲಿಲ್ಲ. ಅದೂ ಗಾಳಿ ಇಲ್ಲದ ದಿನ. ಆಷಾಢದಲ್ಲಿ ಗದಗದಿಂದ ಹುಬ್ಬಳ್ಳಿ ಕಡೆ ಬಂದರೆ ಪಡುವಣ ಗಾಳಿ ಎದುರಿಗೇ ಹೊಡೆಯುತ್ತೆ, ಆ ಕಡೆ ಗಾಳಿ ಗಿರಣಿ ನಿಲ್ಲಿಸಿದ್ದಾರೆ ಅಂದ್ರೆ ಸುಮ್ನೆ ಅಲ್ಲ. ಆಗ 22 ಬಂದರೂ ಖುಷಿಪಡಿ.

ಗಾಳಿಯ ಮಾತು ಬಂತು. ಹಾವೇರಿ ಕಡೆ ಹೈವೇಯಲ್ಲಿ 100ರಲ್ಲಿ ಹೋದರೆ 80ಕ್ಕಿಂತ ಗಾಳಿಯ ತಡೆ ಒಂದೂವರೆ ಪಟ್ಟು. ಅಲ್ಲಿ ಬ್ಯಾಟರಿ ಆಟ ನಡೆಯೋದಿಲ್ಲ, ವೇಗ ಇಳಿಸೋದೊಂದೇ ದಾರಿ.

ನಾನು ಮಾಡಿದ ಒಂದು ಮೂರ್ಖತನ ಹೇಳಿಬಿಡುತ್ತೇನೆ. ಹಳೇ ಗೇರ್ ಗಾಡಿಯ ಚಾಳಿ, ಸಿಗ್ನಲ್ ಬಂದ ಕೂಡಲೇ ನ್ಯೂಟ್ರಲ್. ತಿಂಗಳುಗಟ್ಟಲೆ ಹಾಗೇ ಮಾಡಿದೆ. ಹೈಬ್ರಿಡ್‌ನಲ್ಲಿ ನ್ಯೂಟ್ರಲ್‌ನಲ್ಲಿದ್ದರೆ ಬ್ಯಾಟರಿ ಚಾರ್ಜ್ ಆಗೋದಿಲ್ಲ, ಎಸಿ ಮಾತ್ರ ಅದರಿಂದ ಎಳೆಯುತ್ತಲೇ ಇರುತ್ತೆ. ಗೇರ್ ಲಿವರ್ ಡಿಯಲ್ಲೇ (ಡ್ರೈವ್) ಇಟ್ಟು ಬ್ರೇಕ್ ಒತ್ತಿ ನಿಲ್ಲಿ. ಇಳಿಜಾರಿನಲ್ಲಂತೂ ನ್ಯೂಟ್ರಲ್ ಹಾಕಲೇಬೇಡಿ. ಲಿವರ್‌ನಲ್ಲಿ ಬಿ ಅಂತ ಇರೋದು ಘಾಟ್ ಇಳಿಯುವಾಗ ಗಾಡಿ ತಡೆಯೋಕೆ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಬ್ಯಾಟರಿ ಬೇಗ ತುಂಬಿಬಿಡುತ್ತೆ, ಆಮೇಲೆ ಎಂಜಿನ್ ಜೋರಾಗಿ ತಿರುಗುವ ಸದ್ದು ಬಂದರೆ ಗಾಬರಿ ಬೇಡ, ಗಾಡಿ ತಡೆಯೋಕೆ ಹಾಗೆ ತಿರುಗುತ್ತೆ. ಊರೊಳಗೆ ಬಿ ಬೇಡ.

ಟೈರ್ ಗಾಳಿ ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ, ಗಾಡಿ ಮೇಲೆ ಅಂಟಿಸಿದ ಚೀಟಿಯಲ್ಲಿರುವಷ್ಟು. ಬಿಸಿಲಲ್ಲಿ ನಿಂತಿದ್ದರೆ ಮೊದಲು ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ ಎಸಿ 25ಕ್ಕೆ. ಹಿಂದಿನ ಸೀಟಿನ ಹತ್ತಿರ ಬ್ಯಾಟರಿ ತಂಪಾಗಲು ಗಾಳಿ ಎಳೆಯುವ ಜಾಲರಿ ಇರುತ್ತೆ, ಅದಕ್ಕೆ ಅಡ್ಡ ಚೀಲ ಇಡಬೇಡಿ, ನಮ್ಮ ಎರೆಮಣ್ಣಿನ ಧೂಳಿಗೆ ಆಗಾಗ ಒರೆಸಬೇಕು.

ಲೆಕ್ಕ ಮಾತ್ರ ಪರದೆ ನೋಡಿ ಮಾಡಬೇಡಿ, ನನ್ನದು ಲೀಟರ್‌ಗೆ ಒಂದು ಕಿಲೋಮೀಟರ್ ಜಾಸ್ತಿಯೇ ತೋರಿಸುತ್ತೆ. ಒಂದೇ ಬಂಕ್‌ನಲ್ಲಿ ಪೆಟ್ರೋಲ್ ಹಾಕುವ ಪಿಸ್ತೂಲು ತಾನಾಗಿ ಕಟ್ ಆಗುವವರೆಗೆ ಹಾಕಿಸಿ, ಟ್ರಿಪ್ ಸೊನ್ನೆ ಮಾಡಿ, ಮುಂದಿನ ಸಲ ಅಲ್ಲೇ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರ್‌ನಿಂದ ಭಾಗಿಸಿ. ಧಾರವಾಡ ಎತ್ತರದಲ್ಲಿರುವುದರಿಂದ ಹೋಗುವಾಗಿನ ಅಂಕಿಗಿಂತ ಬರುವಾಗಿನದು ಚೆನ್ನಾಗಿರುತ್ತೆ, ಅದಕ್ಕೆ ಹೋಗಿ ಬಂದ ಎರಡೂ ಸೇರಿಸಿಯೇ ನೋಡಿ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇದೆ, ಒಂದು ಲೀಟರ್ ಎಥೆನಾಲ್‌ನಲ್ಲಿ ಶಕ್ತಿ ಅಷ್ಟೇ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ 27.97ರ ಆಸೆ ಬಿಡಿ. ನಿಮ್ಮ ಓಡಾಟಕ್ಕೆ 21, 22 ಬರಬಹುದು ಅಂತ ನನ್ನ ಅಂದಾಜು.

ಎರಡು ಟ್ಯಾಂಕ್ ಆದ ಮೇಲೆ ಅಂಕಿ ಇಲ್ಲೇ ಹಾಕಿ, ಟೈರ್ ಗಾಳಿ ಮೊದಲು ಎಷ್ಟಿತ್ತು ಅಂತಲೂ ಬರೆಯಿರಿ.