ಹೆಲ್ಪರ್ ಅಕ್ಕನಿಗೆ ಚುಚ್ಚುಮದ್ದಿನ ಹೆದರಿಕೆ

ಪ್ರಶ್ನೆ: ನಾನು ಕಾಸರಗೋಡಿನ ಎಣ್ಮಕಜೆ ಕಡೆಯ ಅಂಗನವಾಡಿ ಟೀಚರ್. ನಮ್ಮ ಹೆಲ್ಪರ್ ಅಕ್ಕ 12 ವರ್ಷದಿಂದ ಜೊತೆಗಿದ್ದಾರೆ. ಮಕ್ಕಳೆಂದರೆ ಅವರಿಗೆ ಪ್ರಾಣ. ಆದರೆ ಸ್ವಂತ ಮೊಮ್ಮಗನಿಗೆ ದಡಾರದ ಚುಚ್ಚುಮದ್ದು ಹಾಕಿಸಲು ಬಿಟ್ಟಿಲ್ಲ. ಬರುವ ತಾಯಂದಿರಿಗೂ ‘ಸುಮ್ನೆ ಯಾಕೆ ಚುಚ್ಚಿಸ್ತೀರಿ’ ಅನ್ನುತ್ತಾರೆ. ಮೂವರು ಈಗ ಹಿಂದೆ ಸರಿದಿದ್ದಾರೆ. ಸೂಪರ್‌ವೈಸರ್‌ಗೆ ಹೇಳಿದರೆ ಅಕ್ಕನ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ನನಗೆ ನಿದ್ದೆ ಇಲ್ಲ. ಏನು ಮಾಡಲಿ?

ಉತ್ತರ: ಟೀಚರ್, ಈಗಲೇ ಮೇಲಿನವರಿಗೆ ಹೇಳಬೇಡಿ. ಮಕ್ಕಳು ಉಂಡು ಮಲಗಿದ ಹೊತ್ತಲ್ಲಿ ಅಕ್ಕನ ಜೊತೆ ಪಾತ್ರೆ ತೊಳೆಯಲು ಕೂತುಕೊಳ್ಳಿ. ‘ನಿಮಗೆ ಯಾವುದರ ಹೆದರಿಕೆ ಅಕ್ಕಾ?’ ಅಂತ ಕೇಳಿ. ಆಮೇಲೆ ನೀವು ಮಾತಾಡದೆ ಕೇಳಿಸಿಕೊಳ್ಳಿ.

ನಿಮ್ಮೂರಿನಲ್ಲಿ ಈ ಹೆದರಿಕೆಗೆ ಬೇರು ಇದೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರಲ್ವಾ? ಆಗಲೂ ಜನರಿಗೆ ಸಿಕ್ಕಿದ್ದು ‘ಏನೂ ಆಗೋದಿಲ್ಲ’ ಅನ್ನುವ ಉತ್ತರವೇ. ಅಷ್ಟು ನೋವು ಉಂಡ ಊರಿಗೆ ಅದೇ ಮಾತು ಇನ್ನೊಮ್ಮೆ ಹೇಳಬೇಡಿ. ಆಗುವುದನ್ನು ಆಗುತ್ತದೆ ಅಂತಲೇ ಹೇಳಿ. 6, 10, 14ನೇ ವಾರದ ಪೆಂಟಾವಲೆಂಟ್, ಅಂದರೆ ಐದು ರೋಗ ತಡೆಯುವ ಚುಚ್ಚುಮದ್ದು, ಹಾಕಿಸಿದ ರಾತ್ರಿ ಕೂಸಿಗೆ ಜ್ವರ ಬರಬಹುದು, ತೊಡೆ ಊದಬಹುದು. ಅದರಲ್ಲಿರುವ ನಾಯಿಕೆಮ್ಮಿನ ಅಂಶವೇ ಅದಕ್ಕೆ ಮುಖ್ಯ ಕಾರಣ. ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರದ್ದಾದರೆ ವಾರ ಕಳೆದ ಮೇಲೆ ಸಣ್ಣ ಜ್ವರ, ಕೆಂಪು ದದ್ದು ಬರುವುದುಂಟು. ಜೋರಾದ ಅಲರ್ಜಿ ತೀರಾ ಅಪರೂಪ. ಆದರೂ ಇರಲಿ ಅಂತಲೇ ಸಿಸ್ಟರ್ ಅರ್ಧ ಗಂಟೆ ಅಲ್ಲೇ ಕೂರಿಸುವುದು. ಆಟಿಸಂ ಬರುತ್ತದೆ ಅಂತ ಮೊಬೈಲಿನಲ್ಲಿ ನೋಡಿದ್ದರೆ, ಆ ಮಾತು ಹಬ್ಬಿದ್ದು 1998ರಲ್ಲಿ ಬ್ರಿಟನ್ನಿನಲ್ಲಿ ಬಂದ ಒಂದು ಲೇಖನದಿಂದ. ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು.

ಇನ್ನೊಂದು. ದೊಡ್ಡ ಮಗುವನ್ನು ಕರೆದೊಯ್ಯಲು ಬರುವ ತಾಯಿಯ ಸೊಂಟದಲ್ಲಿ ಎಷ್ಟೋ ಸಲ ಇನ್ನೊಂದು ಕೂಸು ಇರುತ್ತದೆ. ಅಕ್ಕನೇ ಅದನ್ನು ಎತ್ತಿಕೊಂಡು ಮುದ್ದಾಡುತ್ತಿರಬಹುದು. ದಡಾರದ ಮೊದಲ ಡೋಸ್ ಸಿಗುವುದು 9 ತಿಂಗಳು ತುಂಬಿದ ಮೇಲೆ. ಅಲ್ಲಿವರೆಗೆ ಆ ಕೂಸಿಗೆ ಚುಚ್ಚುಮದ್ದು ಹಾಕಿಸಿಕೊಂಡ ಸುತ್ತಲಿನ ಮಕ್ಕಳೇ ಕಾವಲು. ದಡಾರ ಬಂದ ಮಗು ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ಆ ಕೋಣೆಯ ಗಾಳಿಯಲ್ಲಿ ರೋಗಾಣು ಉಳಿದಿರಬಹುದು. ಇದನ್ನು ಅಕ್ಕನಿಗೆ ಹೇಳಿ. ವಾದ ಮಾಡಬೇಡಿ, ಆ ಕೂಸಿನ ಹೆಸರು ಹಿಡಿದು ಹೇಳಿ.

ಮೊಮ್ಮಗನ ವಿಷಯದಲ್ಲಿ ಅವರಿಗೆ ಸ್ವಲ್ಪ ದಿನ ಕೊಡಿ. ತಡವಾಗಿದ್ದರೂ 5 ವರ್ಷದೊಳಗೆ ಹಾಕಿಸಬಹುದು. ಆದರೆ ಅಂಗನವಾಡಿ ಬಾಗಿಲಲ್ಲಿ ತಾಯಂದಿರನ್ನು ಹೆದರಿಸುವ ಮಾತು ಇವತ್ತಿಂದಲೇ ನಿಲ್ಲಬೇಕು. ಇದರಲ್ಲಿ ಮೆತ್ತಗಾಗಬೇಡಿ. ನಿಲ್ಲಿಸದಿದ್ದರೆ ಸೂಪರ್‌ವೈಸರ್‌ಗೆ ಹೇಳಲೇಬೇಕು, ಅದನ್ನೂ ಅಕ್ಕನಿಗೆ ಮೊದಲೇ ತಿಳಿಸಿ.

ಆ ಮೂವರ ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ನೀವೇ ಹೋಗಿ. ಕೈಯಲ್ಲಿರುವ ನೋಟೀಸು ಬರೀ ಮಲಯಾಳದಲ್ಲಿದ್ದರೆ ಕೊಟ್ಟು ಬರಬೇಡಿ. ತುಳುವೋ ಕನ್ನಡವೋ, ಅವರ ಮನೆಮಾತಿನಲ್ಲಿ ಓದಿ ಹೇಳಿ. ಚುಚ್ಚುಮದ್ದು ಇಲ್ಲದಿದ್ದರೆ ಉಪ್ಪಿಟ್ಟು ಇಲ್ಲ, ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುವ ಬೆದರಿಕೆ ಮಾತ್ರ ಬೇಡ.

ಅಕ್ಕ ಒಪ್ಪಿದ ದಿನ ಅವರೊಬ್ಬರನ್ನೇ ಕಳಿಸಬೇಡಿ. ನೀವೂ ಹೋಗಿ. ಮೊಮ್ಮಗನ ಕೈ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಾಗುತ್ತದೆ.