ಸರ್ಫಿಂಗ್ ನಡೆಯುವ ಕಡಲಿನ ಮೇಲೆ ಅಧಿಕಾರ ಯಾರಿಗಿರಬೇಕು?

ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯಲ್ಲಿ ಒಂದು ರೆಸಾರ್ಟ್ ಸರ್ಫಿಂಗಿಗೆಂದು (ಹಲಗೆಯ ಮೇಲೆ ನಿಂತು ಅಲೆಯೊಂದಿಗೆ ಸಾಗುವ ಕ್ರೀಡೆ) ಬಹುಕಾಲ ತನ್ನ ಅತಿಥಿಗಳಿಗಷ್ಟೇ ಮೀಸಲಿಟ್ಟಿದ್ದ ಅಲೆಯನ್ನು ಅಲ್ಲಿನ ಸರ್ಕಾರ ಎಲ್ಲರಿಗೂ ಮುಕ್ತಗೊಳಿಸಿತೆಂದು ಓದಿ ನೀವು ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ: ಕಡಲಿನ ಅಲೆಗೆ ಮಾಲೀಕರಿರಲು ಸಾಧ್ಯವೇ, ಫಿಜಿ ಸರ್ಕಾರ ಮಾಡಿದ್ದು ಸರಿಯೇ, ಮಂಗಳೂರಿನ ಬಳಿಯ ನಮ್ಮ ಸಸಿಹಿತ್ಲು ಕಡಲತೀರದಲ್ಲಿ ಸರ್ಫಿಂಗ್ ಪ್ರವಾಸೋದ್ಯಮ ಬೆಳೆದರೆ ಅದರ ಆಡಳಿತ ಯಾರ ಕೈಯಲ್ಲಿರಬೇಕು. ನಾನು ಸರ್ಫರ್ ಅಲ್ಲ. ಮೂಲ್ಕಿಯ ಕಡೆಯವನು, ಕರಾವಳಿಗೆ ಸಂಬಂಧಿಸಿದ ಕಾನೂನುಗಳನ್ನು ಓದುವುದು ನನ್ನ ವೃತ್ತಿಯ ಒಂದು ಭಾಗ. ಆ ನೆಲೆಯಿಂದ ಉತ್ತರಿಸುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಅಲೆಗೆ ಮಾಲೀಕರಿಲ್ಲದಿದ್ದರೂ ಅಲೆಯ ಬಳಿಗೆ ಹೋಗುವ ದಾರಿಗೆ ಮಾಲೀಕರಿರುತ್ತಾರೆ. ದೋಣಿ, ದೋಣಿ ಕಟ್ಟುವ ಜಾಗ, ದಡದ ನೆಲ, ಪ್ರವಾಸಿಯ ಮುಂಗಡ ಹಣ ಮೊದಲು ಹೋಗಿ ಬೀಳುವ ಬ್ಯಾಂಕ್ ಖಾತೆ, ಇವು ಯಾರ ಹಿಡಿತದಲ್ಲಿವೆಯೋ ಅಧಿಕಾರವೂ ಬಹುತೇಕ ಅವರದೇ ಆಗಿರುತ್ತದೆ. ಕಾನೂನು ಪುಸ್ತಕದಲ್ಲಿ ಕಡಲು ಯಾರ ಹೆಸರಿನಲ್ಲಿದೆ ಎಂಬುದು ಅದರ ನಂತರದ ಮಾತು.

ಫಿಜಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದನ್ನು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸಲಾಗುತ್ತದೆ. ಆ ದೇಶದ ಅತಿದೊಡ್ಡ ದ್ವೀಪವಾದ ವೀತಿ ಲೇವುವಿನ ಪಶ್ಚಿಮಕ್ಕೆ ತಾವರುವಾ ಎಂಬ ಹೃದಯಾಕಾರದ ಪುಟ್ಟ ದ್ವೀಪವಿದೆ. 1980ರ ದಶಕದಲ್ಲಿ ಅಮೆರಿಕದ ಸರ್ಫರ್‌ಗಳು ಮೂಲನಿವಾಸಿ ಭೂಮಾಲೀಕರಿಂದ ಅದನ್ನು ಗುತ್ತಿಗೆಗೆ ಪಡೆದು ರೆಸಾರ್ಟ್ ಕಟ್ಟಿದರು. ದ್ವೀಪದಿಂದ ಕೆಲವು ಕಿಲೋಮೀಟರ್ ಆಚೆ, ತೆರೆದ ಕಡಲಿನ ಹವಳದ ದಿಬ್ಬದ ಮೇಲೆ ಒಡೆಯುವ ಕ್ಲೌಡ್‌ಬ್ರೇಕ್ ಎಂಬ ಅಲೆ ಜಗತ್ಪ್ರಸಿದ್ಧ. ಅಲ್ಲಿ ದಡವಾಗಲಿ ಮರಳಾಗಲಿ ಇಲ್ಲ. ದೋಣಿಯಲ್ಲಿ ಹೋಗಬೇಕು, ದಿಬ್ಬದ ಅಂಚಿನ ಆಳದ ನೀರಿನಲ್ಲಿ ದೋಣಿ ನಿಲ್ಲಿಸಬೇಕು, ಹಲಗೆಯೊಂದಿಗೆ ನೀರಿಗೆ ಧುಮುಕಿ ಕೈಗಳಿಂದ ನೀರು ತಳ್ಳುತ್ತ ಅಲೆಯ ಕಡೆಗೆ ಸಾಗಬೇಕು. ಹಾಗಾಗಿ ಆ ಅಲೆಯನ್ನು ಕಾಯಲು ಬೇಲಿ ಬೇಕಿರಲಿಲ್ಲ. ಬೇರೆಡೆಯಿಂದ ಬಂದ ದೋಣಿಯನ್ನು ಹಿಂದಕ್ಕೆ ಕಳುಹಿಸಲು ಒಂದೇ ಒಂದು ದೋಣಿ ಸಾಕಾಗುತ್ತಿತ್ತು. ರೆಸಾರ್ಟಿನಲ್ಲಿ ಹಳೆಯ ಅತಿಥಿಗಳು ಹೊರಟು ಹೊಸಬರು ಬರುವ ಶನಿವಾರ ಮಾತ್ರ ಹೊರಗಿನವರಿಗೆ ಅಲ್ಲಿ ಅವಕಾಶವಿರುತ್ತಿತ್ತು.

ಈ ಏಕಸ್ವಾಮ್ಯದ ಆಧಾರ ಗಮನಿಸುವಂಥದ್ದು. 1874ರಲ್ಲಿ ಫಿಜಿ ಬ್ರಿಟಿಷ್ ಆಳ್ವಿಕೆಗೆ ಒಳಪಟ್ಟ ಮೇಲೆ ಕಡಲತಳ ಸರ್ಕಾರದ ಸ್ವತ್ತೆಂದಾಯಿತು. ಆದರೆ ತಲೆತಲಾಂತರದಿಂದ ಒಂದೊಂದು ಕುಲ ಮೀನು ಹಿಡಿಯುತ್ತಿದ್ದ ನೀರಿನ ಮೇಲೆ ಆ ಕುಲದ ಮೀನುಗಾರಿಕೆಯ ಹಕ್ಕು ದಾಖಲಾಗಿ ಉಳಿಯಿತು. ಇಂಥ ನೀರಿಗೆ ಅಲ್ಲಿ ‘ಗೋಲಿಗೋಲಿ’ ಎನ್ನುತ್ತಾರೆ, ದೇಶದಾದ್ಯಂತ ಅವು ಸುಮಾರು 400 ಇವೆ. ರೆಸಾರ್ಟಿನವರು ಈ ಹಕ್ಕುದಾರ ಊರಿನವರೊಂದಿಗೆ ಒಪ್ಪಂದ ಮಾಡಿಕೊಂಡು ಹಣ ಕೊಡುತ್ತಿದ್ದರು, ಊರಿನವರಿಗೆ ಕೆಲಸವನ್ನೂ ಕೊಡುತ್ತಿದ್ದರು. ಮೀನಿಗಾಗಿ ಇದ್ದ ಹಕ್ಕನ್ನು ಹೀಗೆ ಅಲೆಯವರೆಗೆ ಹಿಗ್ಗಿಸಲಾಗಿತ್ತು. ನ್ಯಾಯಾಲಯದಲ್ಲಿ ಅದು ನಿಲ್ಲುತ್ತಿತ್ತೇ ಎಂಬ ಸಂಶಯ ಇದ್ದೇ ಇತ್ತು, ಆದರೂ ಎರಡೂ ಕಡೆಯವರಿಗೆ ಅನುಕೂಲವಾಗಿದ್ದರಿಂದ ವ್ಯವಸ್ಥೆ ನಡೆದುಕೊಂಡು ಬಂತು.

2006ರಲ್ಲಿ ಅಂದಿನ ಚುನಾಯಿತ ಸರ್ಕಾರ ಈ ಕಡಲತಳದ ಒಡೆತನವನ್ನೇ ಕುಲಗಳಿಗೆ ಮರಳಿಸುವ ಮಸೂದೆ ತಂದಿತು. ಪ್ರವಾಸೋದ್ಯಮಿಗಳು ಅದನ್ನು ವಿರೋಧಿಸಿದರು, ಸೇನಾ ಮುಖ್ಯಸ್ಥ ಬೈನಿಮರಾಮ ಕೂಡ ವಿರೋಧಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಸೇನಾ ದಂಗೆಗೆ ಕೊಟ್ಟ ಕಾರಣಗಳಲ್ಲಿ ಈ ಮಸೂದೆಯೂ ಒಂದು. ಅದೇ ಬೈನಿಮರಾಮ ಸರ್ಕಾರ 2010ರಲ್ಲಿ, ಸಂವಿಧಾನ ರದ್ದಾಗಿ ಸಂಸತ್ತೇ ಇಲ್ಲದಿದ್ದ ಕಾಲದಲ್ಲಿ, ಸರ್ಫಿಂಗ್ ಪ್ರದೇಶಗಳ ಕುರಿತು ಒಂದು ಆಜ್ಞೆ ಹೊರಡಿಸಿತು. ಅಲೆಗಳ ಮೇಲಿನ ಎಲ್ಲ ವಿಶೇಷ ಹಕ್ಕುಗಳೂ ಅದರಿಂದ ರದ್ದಾದವು, ಆ ನೀರು ಸರ್ಕಾರದ ಸುಪರ್ದಿಗೆ ಬಂತು, ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನೂ ಮುಚ್ಚಲಾಯಿತು. ಜಗತ್ತಿನ ಸರ್ಫಿಂಗ್ ಪತ್ರಿಕೆಗಳು ಇದನ್ನು ‘ಅಲೆಯ ಬಿಡುಗಡೆ’ ಎಂಬ ಧಾಟಿಯಲ್ಲಿ ವರದಿ ಮಾಡಿದವು.

ಬಿಡುಗಡೆ ಆದದ್ದು ನಿಜ. ಸ್ವಂತ ದೇಶದ ಕಡಲಿನಲ್ಲಿ ಶನಿವಾರಕ್ಕಾಗಿ ಕಾಯಬೇಕಾಗಿದ್ದ ಫಿಜಿಯ ಯುವ ಸರ್ಫರ್‌ಗಳಿಗೆ ಅದರಿಂದ ನ್ಯಾಯ ಸಿಕ್ಕಿತು, ಅಷ್ಟನ್ನು ನಾನು ಎರಡು ಮಾತಿಲ್ಲದೆ ಒಪ್ಪುತ್ತೇನೆ. ವೀತಿ ಲೇವುವಿನ ತೀರದ ದೋಣಿಯವರಿಗೂ ಬೇರೆ ರೆಸಾರ್ಟುಗಳಿಗೂ ಹೊಸ ದುಡಿಮೆ ಸಿಕ್ಕಿತು. 2012ರಿಂದ ಕ್ಲೌಡ್‌ಬ್ರೇಕ್‌ನಲ್ಲಿ ವಿಶ್ವಮಟ್ಟದ ಸ್ಪರ್ಧೆಗಳು ಮತ್ತೆ ನಡೆದವು, 2025ರಲ್ಲಿ ವಿಶ್ವ ಸರ್ಫ್ ಲೀಗ್‌ನ ಅಂತಿಮ ಸುತ್ತು ಕೂಡ ಅಲ್ಲೇ ನಡೆಯಿತು. ಆದರೆ ಗೋಲಿಗೋಲಿಯ ಹಕ್ಕುದಾರರ ಕಡೆಯಿಂದ ನೋಡಿದರೆ, ಅವರ ನೀರಿಗೆ ಬರುವ ದೋಣಿಗಳು ಹೆಚ್ಚಾದವು, ಅವರ ಒಪ್ಪಿಗೆಗಿದ್ದ ಬೆಲೆ ಹೋಯಿತು. ರೆಸಾರ್ಟಿನೊಂದಿಗೆ ಊರಿನವರು ಚೌಕಾಸಿ ಮಾಡಬಹುದಿತ್ತು, ಸೇನಾ ಸರ್ಕಾರದ ಆಜ್ಞೆಯೊಂದಿಗೆ ಮಾಡುವಂತಿರಲಿಲ್ಲ. ಇನ್ನೊಂದು ಪರಿಣಾಮವನ್ನು ಯಾರೂ ಮೊದಲೇ ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ರೆಸಾರ್ಟಿನ ಕೋಣೆಗಳ ಸಂಖ್ಯೆಯೇ ಅಲೆಯ ಮೇಲಿರುವವರ ಸಂಖ್ಯೆಗೂ ಮಿತಿಯಾಗಿತ್ತು. ಆ ಮಿತಿ ಸ್ವಾರ್ಥದಿಂದ ಹುಟ್ಟಿದ್ದೇ ಆದರೂ ಅದು ಹೋದ ಮೇಲೆ ಒಂದು ಬೆಳಿಗ್ಗೆ ಎಷ್ಟು ದೋಣಿ ಬರಬಹುದು, ಹವಳದ ಮೇಲೆ ಲಂಗರು ಬೀಳದಂತೆ ಯಾರು ನೋಡಿಕೊಳ್ಳಬೇಕು ಎಂಬ ಹೊಣೆ ಯಾರ ಹೆಗಲಿಗೂ ಬೀಳಲಿಲ್ಲ. ಒಬ್ಬರ ಏಕಸ್ವಾಮ್ಯ ಮುರಿಯುವುದು ಒಂದು ಕೆಲಸ, ಆ ಜಾಗದಲ್ಲಿ ಆಡಳಿತ ಕಟ್ಟುವುದು ಬೇರೆಯೇ ಕೆಲಸ. ಫಿಜಿಯಲ್ಲಿ ಮೊದಲನೆಯದಷ್ಟೇ ನಡೆಯಿತು ಎಂಬುದು ನನ್ನ ಅಭಿಪ್ರಾಯ.

ಬಾಗಿಲು ತೆರೆದೇ ಇದ್ದರೂ ಊರಿಗೆ ಏನೂ ದಕ್ಕದಿರುವುದು ಹೇಗೆಂದು ತಿಳಿಯಲು ಇಂಡೋನೇಷ್ಯಾದ ಮೆಂಟವಾಯಿ ದ್ವೀಪಗಳನ್ನು ನೋಡಬೇಕು. ಸುಮಾತ್ರಾದ ಪಶ್ಚಿಮಕ್ಕಿರುವ ಈ ದ್ವೀಪಗಳಿಗೆ 1990ರ ದಶಕದಿಂದ ಸರ್ಫರ್‌ಗಳು ತಂಡತಂಡವಾಗಿ ಬರತೊಡಗಿದರು. ಪ್ರವಾಸಿ ಆಸ್ಟ್ರೇಲಿಯಾದಲ್ಲೋ ಅಮೆರಿಕದಲ್ಲೋ ಕುಳಿತು ಅಲ್ಲಿನ ಏಜೆಂಟರಿಗೆ ಡಾಲರಿನಲ್ಲಿ ಹಣ ಕಟ್ಟುತ್ತಾನೆ. ಸುಮಾತ್ರಾದ ಪಡಾಂಗ್ ಬಂದರಿನಲ್ಲಿ ಹಡಗು ಹತ್ತುತ್ತಾನೆ. ಅಕ್ಕಿ, ತರಕಾರಿ, ಬಿಯರ್, ಡೀಸೆಲ್ ಎಲ್ಲವೂ ಪಡಾಂಗಿನಲ್ಲೇ ತುಂಬುತ್ತವೆ. ರಾತ್ರಿಯಿಡೀ ಸಾಗಿ ಬೆಳಿಗ್ಗೆ ಅಲೆಯ ಮುಂದೆ ನಿಲ್ಲುವ ಹಡಗಿನಲ್ಲೇ ಅವನ ಊಟ, ನಿದ್ದೆ, ಮನರಂಜನೆ. ಹತ್ತು ಹನ್ನೆರಡು ದಿನ ಕಳೆದು ವಾಪಸಾಗುವಾಗ ಅವನು ಒಂದು ಸಲವೂ ದಡಕ್ಕೆ ಕಾಲಿಡದೆ ಇರಬಹುದು. ಅಲೆ ಒಡೆಯುವ ಜಾಗಕ್ಕೆ ಕೂಗಳತೆಯಲ್ಲಿರುವ ಹಳ್ಳಿಯ ಪಾಲಿಗೆ ಉಳಿಯುವುದು ಹಡಗಿನ ದೀಪ ಮತ್ತು ಎಣ್ಣೆಯ ವಾಸನೆ. ಇಲ್ಲಿ ಯಾವ ರೆಸಾರ್ಟೂ ಯಾರನ್ನೂ ತಡೆಯಲಿಲ್ಲ, ಯಾವ ಕಾನೂನೂ ಊರಿನವರನ್ನು ಹೊರಗಿಡಲಿಲ್ಲ. ಹಣದ ಹಾದಿಯೇ ಊರನ್ನು ಮುಟ್ಟದೆ ಆಚೆ ಹೋಗುತ್ತಿತ್ತು. ಆ ಹಳ್ಳಿಗಳಲ್ಲಿ ಮಕ್ಕಳು ಮಲೇರಿಯಾದಂಥ ತಡೆಯಬಹುದಾದ ಕಾಯಿಲೆಗಳಿಂದ ಸಾಯುವುದನ್ನು ಕಂಡು ಸರ್ಫಿಂಗಿಗೆಂದು ಬಂದಿದ್ದ ನ್ಯೂಜಿಲೆಂಡಿನ ವೈದ್ಯ ಡೇವ್ ಜೆಂಕಿನ್ಸ್ 2000ದಲ್ಲಿ ಸರ್ಫ್‌ಏಡ್ ಸಂಸ್ಥೆ ಕಟ್ಟಿದರು. ಒಳ್ಳೆಯ ಕೆಲಸವೇ ಸರಿ, ಆದರೆ ದಾನದಿಂದ ಊರಿನವರಿಗೆ ಅಧಿಕಾರ ಬರುವುದಿಲ್ಲ. 1999ರಲ್ಲಿ ಮೆಂಟವಾಯಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತ ಬಗೆಬಗೆಯ ನಿಯಮಗಳನ್ನು ತಂದಿತು. 2016ರಲ್ಲಿ ವಿದೇಶಿ ಸರ್ಫರ್‌ಗಳಿಗೆ 15 ದಿನಗಳಿಗೆ 10 ಲಕ್ಷ ರುಪಿಯಾ (ಇಂಡೋನೇಷ್ಯಾದ ನಾಣ್ಯ) ಶುಲ್ಕ ನಿಗದಿಯಾಯಿತು. ಮೊತ್ತ ಕೇಳಲು ದೊಡ್ಡದಾದರೂ ಅದು ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 5,000 ರೂಪಾಯಿ. ಆ ಹಣ ಸೇರುವುದು ಜಿಲ್ಲೆಯ ಖಜಾನೆಗೆ. ಅಲ್ಲಿಂದ ಅಲೆಯ ಪಕ್ಕದ ಹಳ್ಳಿಗೆ ಎಷ್ಟು ಹರಿಯುತ್ತದೆ ಎನ್ನುವುದು ಮತ್ತೆ ಬೇರೊಂದು ಅಧಿಕಾರದ ಪ್ರಶ್ನೆ.

ಇವೆರಡಕ್ಕಿಂತ ಭಿನ್ನವಾದ ದಾರಿ ಹಿಡಿದದ್ದು ಪಪುವಾ ನ್ಯೂಗಿನಿ. ಆ ದೇಶದ ಸುಮಾರು ಶೇ. 97ರಷ್ಟು ನೆಲ ಇಂದಿಗೂ ಕುಲಗಳ ಸಾಂಪ್ರದಾಯಿಕ ಒಡೆತನದಲ್ಲಿದೆ. ಅಲ್ಲಿನ ಸರ್ಫಿಂಗ್ ಸಂಘ ಈ ವಾಸ್ತವವನ್ನು ಅಡ್ಡಿಯೆಂದು ನೋಡದೆ ಅಡಿಪಾಯವೆಂದೇ ಹಿಡಿಯಿತು. ಕಾವಿಯೆಂಗ್, ವನಿಮೊ ಮೊದಲಾದ ಕಡೆ ಮೊದಲು ಊರಿನಲ್ಲೇ ಸರ್ಫಿಂಗ್ ಕ್ಲಬ್ ಆಗಬೇಕು, ಒಂದು ಜಾಗಕ್ಕೆ ದಿನಕ್ಕೆ ಎಷ್ಟು ಜನ ಹೊರಗಿನವರು ಬರಬಹುದೆಂಬ ಮಿತಿ ಗೊತ್ತಾಗಬೇಕು, ಪ್ರವಾಸಿ ಕಟ್ಟುವ ದಿನದ ಶುಲ್ಕದಲ್ಲಿ ಊರಿಗೆ ಪಾಲು ಸಿಗಬೇಕು. ಮಿತಿ ಎಂಬ ಅಂಶದಲ್ಲಿ ಇದಕ್ಕೂ ತಾವರುವಾದ ಹಳೆಯ ವ್ಯವಸ್ಥೆಗೂ ಹೋಲಿಕೆಯಿದೆ. ವ್ಯತ್ಯಾಸವೆಂದರೆ ಇಲ್ಲಿ ಆ ಸಂಖ್ಯೆಯನ್ನು ಬರೆಯುವವರು ಹಕ್ಕುದಾರರೊಂದಿಗೆ ಕುಳಿತು ಬರೆಯುತ್ತಾರೆ. ಊರು ಎಂದ ಕೂಡಲೇ ಅದು ಒಂದೇ ಮನಸ್ಸಿನ ಘಟಕ ಎಂದು ತಿಳಿಯಬಾರದು. ಕುಲಕುಲಗಳ ನಡುವೆ ಪೈಪೋಟಿ ಇರುತ್ತದೆ, ಹಲಗೆಗಳೆಲ್ಲ ಗಂಡುಮಕ್ಕಳ ಕೈಯಲ್ಲೇ ಉಳಿಯುತ್ತವೆ. ಆ ಸಂಘ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಕ್ಲಬ್ಬಿಗೆ ಬರುವ ಸರ್ಫ್‌ಬೋರ್ಡುಗಳಲ್ಲಿ ಅರ್ಧದಷ್ಟರ ತುದಿಗೆ ಗುಲಾಬಿ ಬಣ್ಣ ಬಳಿದು, ಅವು ಹೆಣ್ಣುಮಕ್ಕಳಿಗಷ್ಟೇ ಎಂದು ನಿಯಮ ಮಾಡಿದರು. ನೀರಿನಲ್ಲಿ ಯಾರ ಪಾಲಿನ ಬೋರ್ಡನ್ನು ಯಾರು ಹಿಡಿದಿದ್ದಾರೆ ಎಂಬುದು ದಡದಲ್ಲಿ ನಿಂತವರಿಗೂ ಕಾಣುತ್ತದೆ. ಪಾಲನೆಯಾಗುತ್ತಿದೆಯೇ ಎಂದು ಪರೀಕ್ಷಿಸಲು ಸಮಿತಿಯ ವರದಿ ಬೇಕಾಗುವುದಿಲ್ಲ.

ಸರ್ಕಾರದ ಕೈ ಇರಲೇಬಾರದೆಂದು ನಾನು ಹೇಳುತ್ತಿಲ್ಲ. ಪೆರುವಿನಲ್ಲಿ 2000ದಲ್ಲಿ ಸರ್ಫಿಂಗಿಗೆ ಯೋಗ್ಯವಾದ ಅಲೆಗಳನ್ನು ರಕ್ಷಿಸುವ ಕಾನೂನು ಬಂತು, 2013ರಲ್ಲಿ ಅದರ ನಿಯಮಾವಳಿ ಬಂತು, 2016ರಲ್ಲಿ ಚಿಕಾಮ ಎಂಬ ಪ್ರಸಿದ್ಧ ಅಲೆ ಮೊದಲಾಗಿ ದಾಖಲೆ ಪುಸ್ತಕ ಸೇರಿತು. ದಾಖಲಾದ ಅಲೆಗೆ ಧಕ್ಕೆ ತರುವ ಕಟ್ಟಡ, ಜೆಟ್ಟಿಗಳಿಗೆ ಅಲ್ಲಿ ತಡೆಯಿದೆ. ಲೀಮಾ ನಗರದ ಲಾ ಎರದುರ ಎಂಬಲ್ಲಿ ರಸ್ತೆ ಕಾಮಗಾರಿಯಿಂದ ಒಂದು ಹೆಸರಾಂತ ಅಲೆ ಕೆಟ್ಟುಹೋದ ಅನುಭವ ಇದರ ಹಿಂದಿತ್ತು. ಯಾರು ಸರ್ಫ್ ಮಾಡಬೇಕು ಎಂಬುದರ ಗೊಡವೆಗೆ ಹೋಗದೆ ಅಲೆಯನ್ನು ಉಳಿಸುವುದಷ್ಟನ್ನೇ ಗುರಿಯಾಗಿಟ್ಟುಕೊಂಡ ಕಾನೂನು ಅದು. ಸರ್ಕಾರ ಚೆನ್ನಾಗಿ ಮಾಡಬಲ್ಲ ಕೆಲಸವೂ ಅದೇ.

ಇನ್ನು ಸಸಿಹಿತ್ಲು. 2004ರಲ್ಲಿ ಮೂಲ್ಕಿಯ ಆಶ್ರಮವೊಂದರಲ್ಲಿ ಅಮೆರಿಕ ಮೂಲದ ಸಂನ್ಯಾಸಿಯೊಬ್ಬರು ಆರಂಭಿಸಿದ ಸರ್ಫ್ ಕ್ಲಬ್ಬಿನಿಂದ ನಮ್ಮಲ್ಲಿ ಈ ಕ್ರೀಡೆ ಬೆಳೆಯಿತು, 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸಸಿಹಿತ್ಲುವಿನಲ್ಲಿ ನಡೆಯಿತು. ಕಾನೂನಿನ ಮಟ್ಟಿಗೆ ನಮ್ಮ ನೆಲೆ ಫಿಜಿಗಿಂತ ಸ್ಪಷ್ಟವಾಗಿದೆ. ಬಿಯಾಸ್ ನದಿಯ ಹರಿವನ್ನು ಒಂದು ಹೋಟೆಲಿಗಾಗಿ ತಿರುಗಿಸಿದ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಕಡಲತೀರ, ಹರಿಯುವ ನೀರು, ಕಾಡು ಮುಂತಾದವನ್ನು ಸರ್ಕಾರ ಜನರ ಪರವಾಗಿ ಕಾಯುವ ಧರ್ಮದರ್ಶಿಯಷ್ಟೇ ಎಂದು ಹೇಳಿದೆ. ಆದ್ದರಿಂದ ತಾವರುವಾದಂತೆ ಅಲೆಯನ್ನು ಬಹಿರಂಗವಾಗಿ ಒಬ್ಬರಿಗೆ ಬರೆದುಕೊಡುವುದು ಇಲ್ಲಿ ಸುಲಭವಲ್ಲ. ಇಲ್ಲಿ ಅಪಾಯವಿರುವುದು ದಡದ ಕಡೆಯಿಂದ. ವಾಹನ ನಿಲುಗಡೆ, ಅಂಗಡಿ, ಶೌಚಾಲಯ, ಬೋರ್ಡ್ ಬಾಡಿಗೆ ಎಲ್ಲವನ್ನೂ ಒಟ್ಟುಗೂಡಿಸಿ ತೀರದ ನಿರ್ವಹಣೆಯನ್ನು ಟೆಂಡರಿನಲ್ಲಿ ಒಬ್ಬರಿಗೇ ವಹಿಸಿದರೆ, ಅಲೆ ಸಾರ್ವಜನಿಕವಾಗಿಯೇ ಉಳಿದರೂ ದಾರಿ ಅವರದಾಗುತ್ತದೆ.

ಎರಡನೆಯ ವಿಷಯ ಮೀನುಗಾರರದು. ಕೈರಂಪಣಿ ಬಲೆಯನ್ನು ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಇಳಿಸಿಕೊಂಡು ಬಂದು, ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ಸಾಲಾಗಿ ನಿಂತು ಎಳೆಯುವುದನ್ನು ನೀವು ನೋಡಿರಬಹುದು. ಬಲೆ ನೀರಿನಲ್ಲಿರುವಷ್ಟು ಹೊತ್ತು ಆ ನೀರಿನೊಳಗೆ ಸರ್ಫರ್‌ಗೆ ಜಾಗವಿಲ್ಲ, ಇರಲೂಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ನಾಡದೋಣಿಯವರಿಗೆ ದಡದ ಹತ್ತಿರದ ನೀರೇ ಆಧಾರ. ಸರ್ಫಿಂಗ್ ಸ್ಪರ್ಧೆಗಳೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ನಿಗದಿಯಾಗುತ್ತವೆ. ಹೀಗಿರುವಾಗ ದಿನಾಂಕ ಗೊತ್ತುಮಾಡುವ ಸಭೆಗೆ ಮೀನುಗಾರರಾದ ಮೊಗವೀರರ ಗ್ರಾಮಸಭೆಯ ಗುರಿಕಾರರನ್ನು (ಮುಖಂಡರನ್ನು) ವೇದಿಕೆಯ ಅತಿಥಿಗಳಾಗಿ ಕರೆದು ಶಾಲು ಹೊದಿಸಿದರೆ ಸಾಲದು. ಬೇಡ ಎನ್ನುವ ಅಧಿಕಾರ ಅವರಿಗೆ ಲಿಖಿತವಾಗಿ ಇರಬೇಕು.

ನನ್ನನ್ನು ಕೇಳಿದರೆ ಗ್ರಾಮ ಪಂಚಾಯತಿ, ಮೀನುಗಾರರು, ಸ್ಥಳೀಯ ಸರ್ಫ್ ಕ್ಲಬ್ಬುಗಳು ಸೇರಿದ ಸಣ್ಣ ಸಮಿತಿಯೊಂದು ಸಾಕು. ಪ್ರವಾಸೋದ್ಯಮ ಇಲಾಖೆಯ ಅಧಿಕಾರಿ ಅದರ ಸದಸ್ಯರಾಗಲಿ, ಅಧ್ಯಕ್ಷರಾಗುವುದು ಬೇಡ. ಶುಲ್ಕ ವಿಧಿಸುವುದಾದರೆ ಅದು ಪಂಚಾಯತಿಯ ಪ್ರತ್ಯೇಕ ಖಾತೆಗೆ ಹೋಗಲಿ. ಜೀವರಕ್ಷಕರ ಸಂಬಳ, ಶೌಚಾಲಯ, ಊರಿನ ಮಕ್ಕಳ ತರಬೇತಿಗೆ ಎಷ್ಟೆಷ್ಟು ವೆಚ್ಚವಾಯಿತೆಂದು ತೀರದಲ್ಲೇ ಫಲಕ ಹಾಕಲಿ. ಊರಿನವರಿಗೆ ಶುಲ್ಕವಿರಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಆದರೂ ಆ ಸಮಿತಿಯ ಕೈಗೆ ಸಿಗದ ಒಂದು ಅಧಿಕಾರ ಉಳಿಯುತ್ತದೆ. ಸಸಿಹಿತ್ಲುವಿನ ಅಲೆ ಹವಳದ ಮೇಲೆ ಒಡೆಯುವುದಲ್ಲ. ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಅಳಿವೆಯ ಸುತ್ತ ಮರಳು ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅದರ ಆಕಾರ ನಿಂತಿದೆ, ಆ ಮರಳು ವರ್ಷದಿಂದ ವರ್ಷಕ್ಕೆ ಸರಿಯುತ್ತಲೇ ಇರುತ್ತದೆ. ಕಡಲ್ಕೊರೆತಕ್ಕೆ ತಡೆಗೋಡೆಯನ್ನೋ ಅಳಿವೆಗೆ ಬ್ರೇಕ್‌ವಾಟರನ್ನೋ (ಅಲೆ ತಡೆಯಲು ಕಡಲಿನೊಳಕ್ಕೆ ಚಾಚುವ ಕಲ್ಲುಗೋಡೆ) ಕಟ್ಟಲು ನಿರ್ಧರಿಸುವ ಎಂಜಿನಿಯರ್ ಆ ಅಲೆಯ ಹಣೆಬರಹವನ್ನೂ ನಿರ್ಧರಿಸಿರುತ್ತಾರೆ, ಹಾಗೆ ನಿರ್ಧರಿಸುತ್ತಿದ್ದೇನೆಂಬ ಅರಿವು ಅವರಿಗಿರಬೇಕೆಂದೇನೂ ಇಲ್ಲ. ಪೆರುವಿನಂಥ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ನೀವು ಈ ವಿಷಯವಾಗಿ ನಿಜವಾಗಿಯೂ ಏನಾದರೂ ಮಾಡಬೇಕೆಂದಿದ್ದರೆ, ಪ್ರವಾಸೋದ್ಯಮ ಇಲಾಖೆಯ ಕರಪತ್ರಕ್ಕಿಂತ ಮೊದಲು ಆ ಅಳಿವೆಯ ಸುತ್ತ ಬಂದರು ಇಲಾಖೆ ಏನೇನು ಕಾಮಗಾರಿ ಯೋಜಿಸಿದೆ ಎಂಬ ದಾಖಲೆಗಳನ್ನು ತರಿಸಿಕೊಂಡು ಓದಿ. ಮಾಹಿತಿ ಹಕ್ಕು ಅರ್ಜಿಯ ಶುಲ್ಕ 10 ರೂಪಾಯಿ.